ನನ್ನ ದುಡ್ಡಿನ ಬಾವುಟ, ಸುಟ್ಟರೆ ತಪ್ಪೇ?

ಪ್ರಶ್ನೆ: ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ರಾಷ್ಟ್ರಧ್ವಜ ನನ್ನದೇ ಸ್ವತ್ತು ತಾನೆ? ಪ್ರತಿಭಟನೆಗೆಂದು ಸುಟ್ಟರೆ ಅಪರಾಧ ಹೇಗಾಗುತ್ತದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಸ್ವತ್ತು ನಿಮ್ಮದೇ ಇರಬಹುದು. ಆದರೆ ಸಾರ್ವಜನಿಕ ಸ್ಥಳದಲ್ಲಿ ಅಥವಾ ಜನರ ಕಣ್ಣಿಗೆ ಬೀಳುವಂತೆ ಅದನ್ನು ಸುಟ್ಟರೆ, 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬಾವುಟ ಯಾರದ್ದೆಂದು ಈ ಕಾಯ್ದೆ ಕೇಳುವುದಿಲ್ಲ. ಬೇರೆಯವರದ್ದಾದರೆ ಆಸ್ತಿ ಹಾನಿಯ ಕೇಸೂ ಸೇರಿಕೊಳ್ಳಬಹುದು.

ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ 5–4 ಬಹುಮತದಿಂದ ಧ್ವಜ ಸುಡುವುದೂ ಅಭಿವ್ಯಕ್ತಿಯೇ ಎಂದಿತು. ನಮ್ಮ ಕೋರ್ಟು 2004ರ ನವೀನ್ ಜಿಂದಾಲ್ ಪ್ರಕರಣದಲ್ಲಿ, ಗೌರವದಿಂದ ಧ್ವಜ ಹಾರಿಸುವುದು ನಾಗರಿಕರ ಹಕ್ಕು ಎಂದಿತು. ನಿರ್ಬಂಧಗಳನ್ನು ಮಾತ್ರ ಹಾಗೇ ಉಳಿಸಿತು.

ಈ ಹಕ್ಕಿನ ಬೆಲೆ ಮೈಸೂರಿಗೆ ಗೊತ್ತು. 1947ರ ಸೆಪ್ಟೆಂಬರಿನಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 'ಮೈಸೂರು ಚಲೋ' ಚಳವಳಿಯಲ್ಲಿ ಧ್ವಜ ಹಾರಿಸಲು ಹೋಗಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರೇ ಇಂದಿನ ರಾಮಸ್ವಾಮಿ ವೃತ್ತಕ್ಕಿದೆ.

ಧ್ವಜವನ್ನು ಟೀಕಿಸುವುದು, ಕಾನೂನುಬದ್ಧವಾಗಿ ಬದಲಾವಣೆ ಕೇಳುವುದು ಅಪರಾಧವಲ್ಲ. ಕನ್ನಡದ ಹಳದಿ-ಕೆಂಪು ಬಾವುಟಕ್ಕೆ ಈ ಕಾಯ್ದೆ ಅನ್ವಯಿಸದು. ಇನ್ನು ಹರಿದು ಹಾಳಾದ ರಾಷ್ಟ್ರಧ್ವಜವನ್ನು ಖಾಸಗಿಯಾಗಿ, ಗೌರವದಿಂದ ಸುಡಬಹುದೆಂದು ಧ್ವಜ ಸಂಹಿತೆಯೇ ಹೇಳುತ್ತದೆ.