ಭಾರ ಹೆಗಲಿಗಲ್ಲ, ಸೊಂಟಕ್ಕೆ: ಟ್ರೆಕ್ಕಿಂಗ್ ಬ್ಯಾಗ್ ಮೈಗೆ ಹೊಂದಿಸಿಕೊಳ್ಳೋದು ಹೇಗೆ?

ಪುಣೆಯಲ್ಲಿರೋ ನಾವು ಶನಿವಾರ ಬಂತು ಅಂದ್ರೆ ರಾಜಗಡ, ತೋರಣಾ ಅಂತ ಹೊರಟುಬಿಡ್ತೀವಿ. ಶೂ ತಗೋಳೋಕೆ ಹತ್ತು ರಿವ್ಯೂ ನೋಡ್ತೀವಿ. ಬ್ಯಾಗ್ ಮಾತ್ರ ಬಣ್ಣ ನೋಡಿ, ಎಷ್ಟು ಲೀಟರ್ ಅಂತ ಕೇಳಿ ಆನ್‌ಲೈನ್‌ನಲ್ಲಿ ತರಿಸಿಬಿಡ್ತೀವಿ.

ನಾನೂ ಹಾಗೇ ಮಾಡಿದ್ದೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1646 ಮೀಟರ್. ಟೆಂಟ್ ಹೊತ್ತು ಅಲ್ಲಿನ ಕಬ್ಬಿಣದ ಏಣಿಗೆ ಕೈ ಹಾಕಿದಾಗ ಬಲಗೈ ಬೆರಳುಗಳು ಜೋಮು ಹಿಡಿದಿದ್ದವು. ಏಣಿ ಹಿಡಿದಿದ್ದೀನೋ ಇಲ್ವೋ ಅನ್ನೋದೇ ಗೊತ್ತಾಗ್ತಿರಲಿಲ್ಲ. ಕೆಳಗಿಳಿದು ಬ್ಯಾಗ್ ಬಿಚ್ಚಿಟ್ಟ ಮೇಲೇ ಬೆರಳಿಗೆ ಜೀವ ಬಂದಿದ್ದು. ಹೆಗಲ ಪಟ್ಟಿ, ಕತ್ತಿನಿಂದ ಕೈಗೆ ಹೋಗೋ ನರಗಳನ್ನು ಅದುಮಿದ್ರೆ ಹೀಗಾಗುತ್ತೆ.

ತಪ್ಪು ಎಲ್ಲಿತ್ತು? ನಾನು ಎತ್ತರ ಇದ್ದೀನಿ, ದೊಡ್ಡ ಸೈಜ್ ಬೇಕು ಅಂದುಕೊಂಡಿದ್ದೆ. ಆದರೆ ಮುಖ್ಯವಾದದ್ದು ಎತ್ತರ ಅಲ್ಲ, ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ, ಬೆನ್ನುಮೂಳೆಯ ಬಾಗಿನ ಮೇಲೇ ಟೇಪ್ ಹಿಡಿದು ಅಳೆಸಿ. ನನ್ನದು 44 ಸೆಂ.ಮೀ. ಬ್ಯಾಗ್ ಇದ್ದದ್ದು ಅದಕ್ಕಿಂತ ಉದ್ದದ ಬೆನ್ನಿಗೆ. ಹಾಗಾಗಿ ಸೊಂಟದ ಬೆಲ್ಟ್ ಕೆಳಗೆ ಜಾರಿ, ಭಾರ ಪೂರ್ತಿ ಹೆಗಲ ಮೇಲೆ ಬಿದ್ದಿತ್ತು.

ನಮ್ಮ ಊರ ಕಡೆ ಹೆಂಗಸರು ತುಂಬಿದ ಬಿಂದಿಗೆಯನ್ನು ಎಲ್ಲಿಟ್ಟುಕೊಂಡು ಬರ್ತಾರೆ? ಸೊಂಟದ ಮೇಲೆ. ಇಲ್ಲೂ ಲೆಕ್ಕ ಅದೇ. ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಹೊತ್ತು ನಮಗೆ ಅದು ಮರೆತುಹೋಗಿದೆ, ಅಷ್ಟೇ.

ಇನ್ನು ಹೊಂದಿಸೋ ಕ್ರಮ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ನೋಡಬೇಡಿ, 7-8 ಕೆ.ಜಿ. ತುಂಬಿಸಿ, ಎಲ್ಲ ಪಟ್ಟಿ ಸಡಿಲ ಮಾಡಿ ಹಾಕಿಕೊಳ್ಳಿ.

1. ಮೊದಲು ಸೊಂಟದ ಬೆಲ್ಟ್. ಅದರ ನಡುಭಾಗ ಸೊಂಟದ ಮೂಳೆಯ ಮೇಲಂಚಿಗೆ ಬರಬೇಕು, ಹೊಟ್ಟೆಗಲ್ಲ. ಬಿಗಿಯಾಗಿ ಎಳೆಯಿರಿ.
2. ಆಮೇಲೆ ಹೆಗಲ ಪಟ್ಟಿ. ಭುಜಕ್ಕೆ ಅಂಟಿಕೊಂಡಿದ್ರೆ ಸಾಕು, ಒತ್ತಬಾರದು.
3. ಭುಜದ ಮೇಲಿಂದ ಬ್ಯಾಗ್‌ನ ತುದಿಗೆ ಹೋಗೋ ಸಣ್ಣ ಪಟ್ಟಿ. ಸುಮಾರು 45 ಡಿಗ್ರಿ ಓರೆ ಇರಲಿ. ಬ್ಯಾಗ್ ಹಿಂದಕ್ಕೆ ಜಗ್ಗದ ಹಾಗೆ ಹಿಡಿಯೋದು ಇದೇ.
4. ಕೊನೆಗೆ ಎದೆ ಪಟ್ಟಿ. ಕತ್ತಿನ ಕೆಳಗಿನ ಅಡ್ಡ ಮೂಳೆಗಿಂತ ಎರಡು-ಮೂರು ಬೆರಳು ಕೆಳಗೆ. ಉಸಿರು ಪೂರ್ತಿ ಎಳೆಯೋಕೆ ಆಗಬೇಕು.

ಸರಿಯಾಗಿದೆಯಾ ಅಂತ ನೋಡೋಕೆ ಹೆಗಲ ಪಟ್ಟಿ ಕೆಳಗೆ ಬೆರಳು ತೂರಿಸಿ. ಸಲೀಸಾಗಿ ಹೋದ್ರೆ ಭಾರ ಸೊಂಟಕ್ಕೆ ಇಳಿದಿದೆ ಅಂತ ಅರ್ಥ. ಒಳಗೆ ನೀರು, ಅಡುಗೆ ಸಾಮಾನಿನಂಥ ಭಾರದವು ಬೆನ್ನಿಗೆ ಹತ್ತಿರ, ಮಧ್ಯದಲ್ಲಿರಲಿ. ಸ್ಲೀಪಿಂಗ್ ಬ್ಯಾಗ್ ತಳದಲ್ಲಿ.

ಮಳೆಗಾಲದಲ್ಲಿ ಹರಿಯೋ ಹಳ್ಳ ದಾಟೋ ಮುಂಚೆ ಸೊಂಟದ್ದು, ಎದೆಯದ್ದು ಎರಡೂ ಬಕಲ್ ಬಿಚ್ಚಿಕೊಳ್ಳಿ. ಕಾಲು ಜಾರಿದ್ರೆ ಬ್ಯಾಗ್ ಹೋಗಲಿ, ನೀವು ಈಚೆ ಬನ್ನಿ.