ನಗಿಸುತ್ತಲೇ ನಡೆದ ರಾಕೇಶ್

ಮೊದಲ ಸಲ ಗೆಲ್ಲದಿದ್ದರೆ ಮುಂದೇನು? ಪರೀಕ್ಷೆಯ ಫಲಿತಾಂಶ ಬಂದ ದಿನ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆಯಿದು. ಉಡುಪಿಯ ಹಾಸ್ಯನಟ ರಾಕೇಶ್ ಪೂಜಾರಿ ಅದಕ್ಕೆ ವೇದಿಕೆಯ ಮೇಲೆಯೇ ಉತ್ತರ ಕೊಟ್ಟವರು.

ತುಳು ಕಿರುತೆರೆಯಲ್ಲಿ ಪಳಗಿದ ಅವರಿಗೆ ‘ಕಾಮಿಡಿ ಕಿಲಾಡಿಗಳು’ ಎರಡನೇ ಆವೃತ್ತಿಯಲ್ಲಿ ತಂಡದೊಡನೆ ದಕ್ಕಿದ್ದು ಎರಡನೇ ಸ್ಥಾನ. ಎದೆಗುಂದದೆ ಮತ್ತೆ ಬಂದರು. 2020ರಲ್ಲಿ ಮೂರನೇ ಆವೃತ್ತಿಯ ವಿಜೇತರಾದರು. ಮನೆಮಾತಾದರು.

2025ರ ಮೇ 12ರ ನಸುಕಿನಲ್ಲಿ, ಕಾರ್ಕಳದ ಬಳಿಯ ನಿಟ್ಟೆಯಲ್ಲಿ ಮೆಹಂದಿ ಸಮಾರಂಭದಲ್ಲಿದ್ದಾಗ ಹೃದಯಾಘಾತ ಅವರನ್ನು ಸೆಳೆದೊಯ್ದಿತು. ವಯಸ್ಸು ಮೂವತ್ತೈದೂ ತುಂಬಿರಲಿಲ್ಲ.

ಅದೇ ವರ್ಷ ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ಬಿಡುಗಡೆಯಾಯಿತು. ನಗಿಸಲು ರಾಕೇಶ್ ತೆರೆಯ ಮೇಲಿದ್ದರು. ಚಪ್ಪಾಳೆ ಕೇಳಲು ಇರಲಿಲ್ಲ.