ನಿಮ್ಮ ಹಿತ್ತಲಿಗೆ ಎಷ್ಟು ಹಕ್ಕಿ ಬರುತ್ತವೆ?

ಅಕ್ಕಿ ಕೇರಿದಾಗ ಉಳಿಯುವ ನುಚ್ಚನ್ನು ನೀವು ಏನು ಮಾಡುತ್ತೀರಿ? ಟಿ. ನರಸೀಪುರದ ನಮ್ಮ ತವರುಮನೆಯಲ್ಲಿ ಅಮ್ಮ ಮೊರ ಹಿಡಿದು ಹಿತ್ತಲ ಬಾಗಿಲಿಗೆ ಬಂದರೆ ಸಾಕು, ಹೆಂಚಿನ ಸಂದಿಯಿಂದ ಗುಬ್ಬಚ್ಚಿಗಳ ದಂಡೇ ಇಳಿಯುತ್ತಿತ್ತು. ನಡುಮನೆಯ ಪಟಗಳ ಹಿಂದೆ ಅವುಗಳ ಸಂಸಾರ. ಹುಲ್ಲುಕಡ್ಡಿ ಗುಡಿಸಿ ಗುಡಿಸಿ ನಮಗೆ ಸಾಕಾಗುತ್ತಿತ್ತು. ಆದರೂ ಮರಿ ಹಾರುವ ತನಕ ಪಟ ಮುಟ್ಟಕೂಡದೆಂದು ಅಮ್ಮನ ಕಟ್ಟಪ್ಪಣೆ.

ಮದುವೆಯಾಗಿ ನಂಜನಗೂಡಿಗೆ ಬಂದಾಗ ಇಲ್ಲಿಯೂ ಹೆಂಚಿನ ಮನೆಯೇ ಇತ್ತು. 2011ರಲ್ಲಿ ಅದನ್ನು ಕೆಡವಿ ತಾರಸಿ ಮನೆ ಕಟ್ಟಿಸಿದೆವು. ಸೊಳ್ಳೆ ಕಾಟವೆಂದು ಗವಾಕ್ಷಿಗೂ ಜಾಲರಿ ಹೊಡೆಸಿದವಳು ನಾನೇ. ಕೆಸರಾಗುತ್ತದೆಂದು ಹಿತ್ತಲಿನ ಅರ್ಧ ಭಾಗಕ್ಕೆ ಸಿಮೆಂಟು ಹಾಕಿಸಿದವಳೂ ನಾನೇ. ದೀಪಾವಳಿಯ ಹೊತ್ತಿಗೆ ಅತ್ತೆಯವರು, "ಗುಬ್ಬಿಗಳೆಲ್ಲಿ ಹೋದ್ವೇ?" ಎಂದರು. ನನಗೆ ಉತ್ತರ ತೋಚಲಿಲ್ಲ. ಅವರು ಇರುವ ತನಕ ದಿನಾ ಹಿಡಿ ಅಕ್ಕಿ ಹಾಕುತ್ತಲೇ ಇದ್ದರು. ತಿನ್ನಲು ಬಂದದ್ದು ಮಾತ್ರ ಪಾರಿವಾಳ.

ಮೊಬೈಲ್ ಟವರಿನಿಂದ ಗುಬ್ಬಿ ಸತ್ತವು ಎಂದು ಬಹಳ ಜನ ಹೇಳುತ್ತಾರೆ. ಅದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಗುಬ್ಬಿಗೆ ಗೂಡು ಕಟ್ಟಲು ಸಂದುಗೊಂದು ಬೇಕು. ತಾನು ಕಾಳು ತಿಂದರೂ ಎಳೆಮರಿಗೆ ಹುಳುಹುಪ್ಪಟೆಯನ್ನೇ ತಿನ್ನಿಸಬೇಕು. ಸಿಮೆಂಟಿನ ಹಿತ್ತಲಲ್ಲಿ ಹುಳ ಎಲ್ಲಿಂದ ಬರಬೇಕು, ಹೇಳಿ! 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ವರದಿಯ ಪ್ರಕಾರ ಗುಬ್ಬಚ್ಚಿ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಇದ್ದಷ್ಟೇ ಇದೆ, ಕಡಿಮೆಯಾಗಿರುವುದು ದೊಡ್ಡ ನಗರಗಳಲ್ಲಿ. ಅಂದರೆ ಅವು ಅಳಿದಿಲ್ಲ, ನಮ್ಮಂಥವರ ಮನೆ ಬಿಟ್ಟಿವೆ, ಅಷ್ಟೆ.

ಎಲ್ಲ ಹಕ್ಕಿಗಳ ಕಥೆಯೂ ಹೀಗೇ ಅಲ್ಲ. 2023ರ ವರದಿಯಲ್ಲಿ ನವಿಲು, ಕೋಗಿಲೆ, ಪಾರಿವಾಳ ಹೆಚ್ಚಾಗಿವೆ. ನಮ್ಮ ಕರಿಬೇವಿನ ಹಣ್ಣಿಗೂ ಈಗ ಪಿಕಳಾರದ ಜೊತೆ ಕೋಗಿಲೆ ಬರುತ್ತದೆ. ನವಿಲಿನ ಮಾತು ಎತ್ತಿದರೆ ರೈತರು ಸಿಟ್ಟಾಗುತ್ತಾರೆ, ಬಿಡಿ.

ಚಳಿಗಾಲದಲ್ಲಿ ನಮ್ಮ ತಾಲ್ಲೂಕಿನ ಹದಿನಾರು ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆಯ ಬಾತುಗಳು ಬರುತ್ತವೆ. ಅವನ್ನು ನೋಡಲು ದೂರದಿಂದ ಜನ ಕ್ಯಾಮೆರಾ ಹೊತ್ತು ಬರುತ್ತಾರೆ. ಹಿತ್ತಲ ಹಕ್ಕಿಯ ಲೆಕ್ಕ ಇಡುವವರು ನಾವೇ ಆಗಬೇಕು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಜನ ತಮ್ಮ ಸುತ್ತಲಿನ ಹಕ್ಕಿಗಳನ್ನು ಎಣಿಸುತ್ತಾರೆ. 2013ರಿಂದ ನಮ್ಮ ದೇಶದವರೂ ಸೇರಿದ್ದಾರೆ. 15 ನಿಮಿಷ ಸಾಕು. ಸಣ್ಣ ಉರಿಯಲ್ಲಿ ಹಾಲು ಕಾಯುವಷ್ಟು ಹೊತ್ತು. ಕಳೆದ ಸಲ ಮಗಳು ಮೊಬೈಲಿನಲ್ಲಿ ಬರೆದುಕೊಂಡಳು, ನಾನು ಎಣಿಸಿದೆ. ಗುಬ್ಬಿಯ ಎದುರು ಸೊನ್ನೆ.

ಸಿಮೆಂಟನ್ನು ಒಂದು ಮೂಲೆಯಲ್ಲಿ ಒಡೆಸಿ ದಾಸವಾಳ, ನುಗ್ಗೆ ನೆಟ್ಟಿದ್ದೇನೆ. ಔಷಧಿ ಹೊಡೆಯುವುದಿಲ್ಲ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನಾ ತೊಳೆದು ಬದಲಿಸಿ. ಉಪ್ಪು ಬೆರೆತ ಅನ್ನ ಹಾಕಬೇಡಿ. ಮರದ ಗೂಡು ಮಾಡಿಸಿದರೆ ಬಾಯಿ ಒಂದೂಕಾಲು ಇಂಚು ಇರಲಿ, ಬಿಸಿಲು ಬೀಳದ ಕಡೆ, ಬೆಕ್ಕಿಗೆ ಎಟುಕದಂತೆ ಎತ್ತರದಲ್ಲಿ ಕಟ್ಟಿ.

ತವರುಮನೆಯನ್ನೂ ಕೆಡವಬೇಕೆಂದು ಈಗ ತಮ್ಮ ಹೊರಟಿದ್ದಾನೆ. ಅಲ್ಲಿ ಪಟದ ಹಿಂದೆ ಇನ್ನೂ ಗೂಡಿದೆ. "ಮರಿ ಹಾರಿದ ಮೇಲೆ ಕೆಡವೋ, ಹೊಸ ಗೋಡೆಯಲ್ಲಿ ನಾಲ್ಕು ತೂತು ಬಿಡಿಸು" ಎಂದೆ. "ಮೇಸ್ತ್ರಿ ನಗ್ತಾನೆ ಕಣಕ್ಕಾ" ಅಂದ.

ನಗಲಿ. ಮುಂದಿನ ವಾರ ನಾನೇ ಹೋಗಿ ಮೇಸ್ತ್ರಿಯ ಹತ್ತಿರ ಮಾತಾಡುತ್ತೇನೆ.